ವೇಗದ ಜಾಲದಲ್ಲಿ ತೆವಳುವ ಕಡತಗಳು: ದೋಷ ಪತ್ತೆಗೆ ಒಂದು ಪಾಠ

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಕಳೆದ ಕೆಲವು ವರ್ಷಗಳಲ್ಲಿ ತಮ್ಮ ಕಚೇರಿ ಹಾಗೂ ಕಾರ್ಖಾನೆಗಳ ಗಣಕಯಂತ್ರ ಜಾಲವನ್ನು ಗಿಗಾಬಿಟ್ ವೇಗಕ್ಕೆ ಏರಿಸಿಕೊಂಡಿದ್ದಾರೆ. ಹೊಸ ಸ್ವಿಚ್ ಬಂದಿದೆ, ಹೊಸ ಸರ್ವರ್ ಬಂದಿದೆ, ಬಿಲ್ಲನ್ನೂ ಪಾವತಿಸಿದ್ದಾಗಿದೆ. ಆದರೂ ಒಂದು ನಕ್ಷೆಯ ಕಡತವನ್ನು ಮೇಲಿನ ಮಹಡಿಯಿಂದ ಕೆಳಗಿನ ಯಂತ್ರಶಾಲೆಗೆ ಕಳುಹಿಸಲು ಹಿಂದೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಇಂದೂ ಅಷ್ಟೇ ಹೊತ್ತು ಹಿಡಿಯುತ್ತಿದೆ ಎಂಬ ದೂರು ಯಶವಂತಪುರದಿಂದ ಯಲಹಂಕದವರೆಗೆ ಎಲ್ಲೆಡೆ ಕೇಳಿಬರುತ್ತದೆ. ಇದಕ್ಕೆ ಮಾರಾಟಗಾರರು ಸಾಮಾನ್ಯವಾಗಿ ಸೂಚಿಸುವ ಪರಿಹಾರವೆಂದರೆ ಇನ್ನೂ ದೊಡ್ಡ ಸರ್ವರನ್ನು ಕೊಳ್ಳುವುದು. ಅದಕ್ಕೆ ಮೊದಲು ಮಾಲೀಕರು ತಾವೇ ಅರ್ಧ ದಿನದಲ್ಲಿ ಮಾಡಿಕೊಳ್ಳಬಹುದಾದ ಕೆಲವು ಪರೀಕ್ಷೆಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯವನ್ನು ಬರೆಯಬೇಕೆನಿಸಲು ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳುವುದು ಉಚಿತ. ಯಶವಂತಪುರದಿಂದ ತುಮಕೂರು ರಸ್ತೆಯತ್ತ ಹೋಗುವಾಗ ಸಿಗುವ ಒಂದು ಘಟಕದಲ್ಲಿ ರಟ್ಟಿನ ಪೆಟ್ಟಿಗೆಗಳ ಮುದ್ರಣ ಮತ್ತು ತಯಾರಿಕೆ ನಡೆಯುತ್ತದೆ. ಗ್ರಾಹಕರ ವಿನ್ಯಾಸಗಳು, ಅಚ್ಚಿನ ನಕ್ಷೆಗಳು, ಲೆಕ್ಕಪತ್ರಗಳು ಎಲ್ಲವೂ ಸೇರಿ ಸುಮಾರು 350 ಗಿಗಾಬೈಟ್ ದತ್ತಾಂಶ ಒಂದು ಸರ್ವರ್‌ನಲ್ಲಿತ್ತು. ಪ್ರತಿ ರಾತ್ರಿ 9 ಗಂಟೆಗೆ ಅದರ ಪ್ರತಿಯನ್ನು ಇನ್ನೊಂದು ಗಣಕಯಂತ್ರಕ್ಕೆ ಜೋಡಿಸಿದ ಹೊರ ಡಿಸ್ಕಿಗೆ ನಕಲು ಮಾಡುವ ವ್ಯವಸ್ಥೆಯೂ ಇತ್ತು. ಆದರೆ ಬೆಳಿಗ್ಗೆ 7 ಗಂಟೆಗೆ ಮೊದಲ ಪಾಳಿಯವರು ಬಂದಾಗಲೂ ನಕಲು ಮುಗಿದಿರುತ್ತಿರಲಿಲ್ಲ. ಮುದ್ರಣ ವಿಭಾಗದವರು ಕಡತ ತೆರೆಯಲು ಹೋದರೆ ಪರದೆ ಹೆಪ್ಪುಗಟ್ಟಿದಂತೆ ನಿಲ್ಲುತ್ತಿತ್ತು. ಬೇಸತ್ತ ಗುಮಾಸ್ತರು ನಕಲನ್ನು ಅರ್ಧದಲ್ಲೇ ನಿಲ್ಲಿಸತೊಡಗಿದರು. ಕೆಲವು ವಾರಗಳ ನಂತರ ಆರಂಭಿಸುವುದನ್ನೇ ಬಿಟ್ಟರು. ಮಾಲೀಕರಿಗೆ ಇದು ತಿಳಿದದ್ದು ಸರ್ವರಿನ ಡಿಸ್ಕ್ ಕೆಟ್ಟ ದಿನ. ನಾಲ್ಕು ತಿಂಗಳ ವಿನ್ಯಾಸಗಳನ್ನು ಗ್ರಾಹಕರಿಂದ ಮತ್ತೆ ಕೇಳಿ ಪಡೆಯಬೇಕಾಯಿತು. ಸಿಗದವುಗಳನ್ನು ಹೊಸದಾಗಿ ರಚಿಸಬೇಕಾಯಿತು. ಒಬ್ಬ ಹಳೆಯ ಗ್ರಾಹಕರು ಕೈತಪ್ಪಿಯೂ ಹೋದರು.

"ಸ್ವಾಮಿ, ಗಿಗಾಬಿಟ್ ಸ್ವಿಚ್ಚಿಗೇ ದುಡ್ಡು ಸುರಿದಿದ್ದೇನೆ. ಇನ್ನೇನು ಕೊಳ್ಳಬೇಕು ಹೇಳಿಬಿಡಿ" ಎಂದು ಅವರು ಕೇಳಿದಾಗ ಮೇಜಿನ ಮೇಲೆ ಮೂರು ಲಕ್ಷ ರೂಪಾಯಿಗೂ ಮೀರಿದ ಹೊಸ ಸರ್ವರಿನ ದರಪಟ್ಟಿ ಸಿದ್ಧವಾಗಿತ್ತು.

ಪರೀಕ್ಷೆಗೆ ಇಳಿಯುವ ಮುನ್ನ ಒಂದು ಅಳತೆಯ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಜಾಲದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುತ್ತಾರೆ. ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದ್ದರಿಂದ ಸೆಕೆಂಡಿಗೆ 1000 ಮೆಗಾಬಿಟ್ ಎಂದರೆ 125 ಮೆಗಾಬೈಟ್. ಪ್ರತಿ ಪೊಟ್ಟಣಕ್ಕೂ ಅಂಟಿಸುವ ವಿಳಾಸಪಟ್ಟಿ ಇತ್ಯಾದಿಗಳ ಭಾರ ಕಳೆದರೆ ಕೈಗೆ ದಕ್ಕುವುದು 110ರಿಂದ 118 ಮೆಗಾಬೈಟ್. ಇದೇ ಲೆಕ್ಕದಲ್ಲಿ 100 ಮೆಗಾಬಿಟ್ ಜಾಲದಲ್ಲಿ ದಕ್ಕುವುದು 11 ಮೆಗಾಬೈಟಿಗಿಂತ ತುಸು ಹೆಚ್ಚು, ಅಷ್ಟೇ. ಅಂತರಜಾಲ ಸೇವೆಯವರು 100 ಮೆಗಾಬಿಟ್ ಕೊಡುವುದಾಗಿ ಹೇಳಿ 12 ಮೆಗಾಬೈಟ್ ಮಾತ್ರ ಕೊಡುತ್ತಾರೆಂದು ಜಗಳಕ್ಕೆ ಹೋದ ವರ್ತಕರನ್ನು ನಾನು ಬಲ್ಲೆ. ಅಲ್ಲಿ ಸೇವೆಯವರದೇನೂ ತಪ್ಪಿಲ್ಲ.

ಈ 11 ಎಂಬ ಅಂಕಿಯನ್ನು ನೆನಪಿನಲ್ಲಿಡಬೇಕು. ಒಂದು ದೊಡ್ಡ ಕಡತವನ್ನು, ಉದಾಹರಣೆಗೆ ನಾಲ್ಕೈದು ಗಿಗಾಬೈಟಿನ ಒಂದೇ ಕಡತವನ್ನು, ಸರ್ವರಿನಿಂದ ನಕಲು ಮಾಡುತ್ತ ವಿಂಡೋಸ್ ತೋರಿಸುವ ವೇಗದ ರೇಖೆಯನ್ನು ಗಮನಿಸಿರಿ. ವೈದ್ಯರು ನಾಡಿ ಹಿಡಿದಂತೆ ಈ ರೇಖೆಯಿಂದಲೇ ಬಹಳಷ್ಟು ತಿಳಿಯುತ್ತದೆ. ರೇಖೆಯು 11ರ ಬಳಿ ನೆಲಕ್ಕೆ ಹಾಸಿದಂತೆ ಸಪಾಟಾಗಿದ್ದರೆ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100 ಮೆಗಾಬಿಟ್‌ಗೆ ಇಳಿದಿದೆ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಮೊದಲ ಕೆಲವು ಸೆಕೆಂಡು 110ರಲ್ಲಿ ಓಡಿ ನಂತರ 30ಕ್ಕೋ 40ಕ್ಕೋ ಕುಸಿದರೆ ಜಾಲ ಸರಿಯಿದೆ, ಬರೆದುಕೊಳ್ಳುವ ಡಿಸ್ಕ್ ನಿಧಾನವಾಗಿದೆ ಎಂದರ್ಥ; ಆರಂಭದ ಓಟವೆಲ್ಲ ಸ್ಮೃತಿಕೋಶ ತುಂಬುವವರೆಗಿನ ಭ್ರಮೆ. ಗರಗಸದ ಹಲ್ಲಿನಂತೆ ಏರಿಳಿಯುತ್ತಿದ್ದರೆ ತಂತಿಯ ದೋಷವನ್ನೋ ನಿಸ್ತಂತು ಸಂಪರ್ಕವನ್ನೋ ಶಂಕಿಸಬೇಕು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆ ಎಷ್ಟು ಅಗಲವಾದರೂ ಹೆಬ್ಬಾಳದ ಮೇಲುಸೇತುವೆಯ ಬಳಿ ವಾಹನಗಳು ವರ್ಷಗಟ್ಟಲೆ ಸಾಲುಗಟ್ಟಿ ನಿಂತದ್ದನ್ನು ನಾವೆಲ್ಲ ಅನುಭವಿಸಿದ್ದೇವೆ. ಕಡತದ ದಾರಿಯೂ ಹೀಗೆಯೇ. ಸರ್ವರಿನ ಡಿಸ್ಕ್, ಅದರ ಜಾಲ ಕಾರ್ಡ್, ಕೇಬಲ್, ಸ್ವಿಚ್, ಮತ್ತೊಂದು ಕೇಬಲ್, ಗೋಡೆಯ ಬಾಕ್ಸ್, ಪ್ಯಾಚ್ ಕಾರ್ಡ್, ಈ ಕಡೆಯ ಯಂತ್ರ, ಅದರ ಡಿಸ್ಕ್, ಇಷ್ಟರಲ್ಲಿ ಅತ್ಯಂತ ಇಕ್ಕಟ್ಟಾದುದೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ. ಸ್ವಿಚ್ಚೊಂದನ್ನೇ ಬದಲಾಯಿಸುವುದೆಂದರೆ ಹೆಬ್ಬಾಳವನ್ನು ಹಾಗೆಯೇ ಬಿಟ್ಟು ಯಲಹಂಕದ ಬಳಿ ರಸ್ತೆ ಅಗಲಗೊಳಿಸಿದಂತೆ.

ಹಾಗಾದರೆ ಇಕ್ಕಟ್ಟು ಜಾಲದಲ್ಲಿದೆಯೋ ಡಿಸ್ಕಿನಲ್ಲಿದೆಯೋ ಎಂದು ಬೇರ್ಪಡಿಸುವುದು ಹೇಗೆ? ಐಪರ್ಫ್ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಇದನ್ನು ಎರಡು ಗಣಕಯಂತ್ರಗಳಲ್ಲಿ ಓಡಿಸಿದರೆ ಡಿಸ್ಕನ್ನು ಮುಟ್ಟದೆಯೇ, ಸ್ಮೃತಿಕೋಶದಿಂದ ಸ್ಮೃತಿಕೋಶಕ್ಕೆ ದತ್ತಾಂಶ ಹರಿಸಿ ಜಾಲದ ವೇಗವನ್ನು ಮಾತ್ರ ಅಳೆಯುತ್ತದೆ. ಆರೋಗ್ಯವಂತ ಗಿಗಾಬಿಟ್ ಜಾಲದಲ್ಲಿ ಸುಮಾರು 940 ಮೆಗಾಬಿಟ್ ಬರಬೇಕು. 94 ಬಂದರೆ ಕೊಂಡಿ 100ಕ್ಕೆ ಇಳಿದಿದೆ. ಎರಡೂ ದಿಕ್ಕಿನಲ್ಲಿ ಅಳೆಯುವುದನ್ನು ಮರೆಯಬಾರದು. ಒಂದು ದಿಕ್ಕಿನಲ್ಲಿ ಮಾತ್ರ ಕುಂಟುವ ಕೇಬಲ್‌ಗಳುಂಟು. 940 ಬಂದೂ ಕಡತ ನಿಧಾನವಾಗಿದ್ದರೆ ಕೇಬಲ್ ಎಳೆಸಿದವರನ್ನು ಬಿಟ್ಟು ಡಿಸ್ಕಿನ ಕಡೆ ತಿರುಗಬೇಕು.

ಮೇಲಿನ ಘಟಕದಲ್ಲಿ ಬಂದದ್ದು 94. ಸರ್ವರಿನಿಂದ ಸ್ವಿಚ್ಚಿಗೆ ಹೋಗುವ ಕೊಂಡಿ ಸರಿಯಿತ್ತು. ನಕಲು ಪಡೆಯುವ ಯಂತ್ರದ ಕೊಂಡಿಯಲ್ಲಿ ಮಾತ್ರ ಸ್ವಿಚ್ಚಿನ ದೀಪದ ಬಣ್ಣ ಬೇರೆಯಿತ್ತು. ಯಾವ ಬಣ್ಣಕ್ಕೆ ಯಾವ ವೇಗವೆಂದು ಸ್ವಿಚ್ಚಿನ ಮುಖದ ಮೇಲೆಯೇ ಮುದ್ರಿಸಿರುತ್ತಾರೆ. ಅದನ್ನು ಓದಿದವರನ್ನು ಮಾತ್ರ ನಾನು ಕಂಡದ್ದು ಕಡಿಮೆ.

ಈಗ ಕೇಬಲ್ಲಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ನಮ್ಮ ಕಡೆಯ ಸಣ್ಣ ಘಟಕಗಳಲ್ಲಿ ಹತ್ತರಲ್ಲಿ ಆರೇಳು ದೋಷಗಳು ಇಲ್ಲಿಯೇ ಸಿಗುತ್ತವೆಂದು ನನ್ನ ಅನುಭವ. ಜಾಲದ ಕೇಬಲ್ಲಿನೊಳಗೆ ಎಂಟು ಎಳೆಗಳು, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. 1995ರಲ್ಲಿ ಬಂದ 100 ಮೆಗಾಬಿಟ್ ಪದ್ಧತಿಗೆ ಎರಡು ಜೋಡಿ ಸಾಕಾಗಿತ್ತು. ತಾಮ್ರದ ತಂತಿಯ ಮೇಲೆ ಗಿಗಾಬಿಟ್ ಹರಿಸುವ 1999ರ ಮಾನಕಕ್ಕೆ ನಾಲ್ಕೂ ಜೋಡಿ ಬೇಕೇ ಬೇಕು. ಹಳೆಯ ದಿನಗಳಲ್ಲಿ ವೈರಿಂಗ್ ಮಾಡಿದವರು ಮಿಕ್ಕ ಎರಡು ಜೋಡಿಗಳನ್ನು ವ್ಯರ್ಥ ಮಾಡಬಾರದೆಂಬ ಮಿತವ್ಯಯದಿಂದ ಇಂಟರ್‌ಕಾಮಿಗೋ ಮತ್ತೊಂದು ಗಣಕಯಂತ್ರಕ್ಕೋ ಬಳಸುತ್ತಿದ್ದರು. ಅಂದಿಗೆ ಅದು ಜಾಣತನವೇ ಆಗಿತ್ತು. ಇಂದು ಆ ಕೇಬಲ್ಲಿನ ಎರಡೂ ತುದಿಗೆ ಗಿಗಾಬಿಟ್ ಉಪಕರಣ ಜೋಡಿಸಿದರೆ, ಬಹುಪಾಲು ಉಪಕರಣಗಳು ನಾಲ್ಕು ಜೋಡಿ ಸಿಗದೆ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ. ನಮ್ಮ ಪೆಟ್ಟಿಗೆ ಘಟಕದಲ್ಲಿ ಗೋಡೆಯ ಬಾಕ್ಸನ್ನು ಬಿಚ್ಚಿದಾಗ ಕಂದು ಜೋಡಿ ಪಕ್ಕದ ಕೋಣೆಯ ಇಂಟರ್‌ಕಾಮಿಗೆ ಹೋಗಿತ್ತು. ಆ ಇಂಟರ್‌ಕಾಮ್ ಕೆಟ್ಟು ಐದು ವರ್ಷವಾಗಿತ್ತು.

ಎರಡನೆಯದಾಗಿ ಎಳೆಗಳ ಕ್ರಮ. ಪ್ರಚಲಿತ ಪದ್ಧತಿಯಲ್ಲಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಕನೆಕ್ಟರಿಗೆ ಕೂರಿಸಬೇಕು. ಹಸಿರಿನ ಜೋಡಿಯ ನಡುವೆ ನೀಲಿಯ ಜೋಡಿ ಕೂರುವ ಈ ವಿಚಿತ್ರ ಕ್ರಮವನ್ನು ಕಂಡು ಕೆಲವರು ಬಣ್ಣಗಳನ್ನು ತಮಗೆ ಅಂದವೆನಿಸಿದಂತೆ ಸಾಲಾಗಿ ಜೋಡಿಸಿಬಿಡುತ್ತಾರೆ. ಎರಡೂ ತುದಿಯಲ್ಲಿ ಒಂದೇ ಕ್ರಮವಿದ್ದರಾಯಿತಲ್ಲ ಎಂಬುದು ಅವರ ವಾದ. ಎಂಟು ದೀಪಗಳ ಅಗ್ಗದ ಟೆಸ್ಟರ್ ಕೂಡ ಎಲ್ಲ ಸರಿಯಿದೆ ಎಂದೇ ಹೇಳುತ್ತದೆ, ಏಕೆಂದರೆ ಅದು ನೋಡುವುದು ವಿದ್ಯುತ್ ಈ ತುದಿಯಿಂದ ಆ ತುದಿಗೆ ತಲುಪಿತೇ ಎಂಬುದನ್ನಷ್ಟೆ. ಆದರೆ ಸಂಕೇತವು ಹೋಗುವ ಎಳೆ ಒಂದು ಹೆಣಿಗೆಯಲ್ಲಿ, ಮರಳುವ ಎಳೆ ಇನ್ನೊಂದು ಹೆಣಿಗೆಯಲ್ಲಿ ಸಿಕ್ಕಿದರೆ ಹೆಣಿಗೆಯ ಉದ್ದೇಶವೇ ಕೆಟ್ಟಂತೆ. ಒಂದು ಜೋಡಿಯ ಮಾತು ಮತ್ತೊಂದಕ್ಕೆ ಕೇಳಿಸಿ, ಪೊಟ್ಟಣಗಳು ಹಾಳಾಗಿ, ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ.

ಮೂರನೆಯದು ಮಾಲಿನ ಗುಣ. ಮಾರುಕಟ್ಟೆಯಲ್ಲಿ ತಾಮ್ರದ ಲೇಪವಿರುವ ಅಲ್ಯುಮಿನಿಯಂ ಎಳೆಗಳ ಕೇಬಲ್ ಕಡಿಮೆ ಬೆಲೆಗೆ ಸಿಗುತ್ತದೆ. ಅಲ್ಯುಮಿನಿಯಂ ತಾಮ್ರದಷ್ಟು ವಿದ್ಯುತ್ ವಾಹಕವಲ್ಲ. ಕ್ರಿಂಪ್ ಮಾಡಿದಲ್ಲಿ ಬೇಗ ಮುರಿಯುತ್ತದೆ. 305 ಮೀಟರಿನ ಪೆಟ್ಟಿಗೆಯನ್ನು ಎತ್ತಿ ನೋಡಿದರೆ ಹಗುರವಾಗಿರುತ್ತದೆ. ಎಳೆಯ ತುದಿಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಹೊಳೆಯುತ್ತದೆ. ಲೋಹದ ವ್ಯಾಪಾರ ಬಲ್ಲ ನಮ್ಮ ಸದಸ್ಯರಿಗೆ ಈ ಪರೀಕ್ಷೆಯನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ಕಾರ್ಖಾನೆಗಳಿಗೇ ವಿಶಿಷ್ಟವಾದ ತೊಂದರೆಗಳಿವೆ. ಸ್ವಿಚ್ಚಿನಿಂದ ಯಂತ್ರಕ್ಕೆ ಕೇಬಲ್ಲಿನ ಒಟ್ಟು ಉದ್ದ 100 ಮೀಟರ್ ಮೀರಬಾರದು. ಶೆಡ್ಡಿನ ಗೋಡೆಗುಂಟ ಸುತ್ತಿಕೊಂಡು ಬಂದ ಕೇಬಲ್ ಈ ಮಿತಿಯನ್ನು ಗೊತ್ತಿಲ್ಲದೆಯೇ ದಾಟಿರುತ್ತದೆ. ವೆಲ್ಡಿಂಗ್ ಯಂತ್ರ, ದೊಡ್ಡ ಮೋಟಾರು, ಅದರ ವೇಗ ನಿಯಂತ್ರಿಸುವ ಡ್ರೈವ್‌ಗಳ ವಿದ್ಯುತ್ ತಂತಿಗಳೊಡನೆ ಒಂದೇ ಕೊಳವೆಯಲ್ಲಿ ಜಾಲದ ಕೇಬಲ್ ಎಳೆಸಬಾರದು. ದಾಟಲೇಬೇಕಾದಲ್ಲಿ ಅಡ್ಡಡ್ಡವಾಗಿ ದಾಟಿಸಬೇಕು. ಎರಡು ಕಟ್ಟಡಗಳ ನಡುವೆಯಂತೂ ತಾಮ್ರದ ಕೇಬಲ್ಲೇ ಬೇಡ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಎರಡೂ ಕಡೆಯ ಸ್ವಿಚ್ಚುಗಳ ಪೋರ್ಟುಗಳು ಸುಟ್ಟುಹೋಗುವುದು ಬೆಂಗಳೂರಿನಲ್ಲಿ ಹೊಸದೇನಲ್ಲ. ಅಲ್ಲಿ ಆಪ್ಟಿಕಲ್ ಫೈಬರ್ ಹಾಕಿಸಬೇಕು. ಹಾಕಿಸುವಾಗ ಅದರ ತುದಿಯ ಪರಿವರ್ತಕವು ಗಿಗಾಬಿಟ್ಟಿನದೇ ಎಂದು ಖಚಿತಪಡಿಸಿಕೊಳ್ಳಬೇಕು. 100 ಮೆಗಾಬಿಟ್ಟಿನ ಅಗ್ಗದ ಪರಿವರ್ತಕಗಳೂ ನೋಡಲು ಹಾಗೆಯೇ ಇರುತ್ತವೆ.

ಕೆಲವೆಡೆ ದೋಷ ಇದಕ್ಕಿಂತ ಸೂಕ್ಷ್ಮವಾಗಿರುತ್ತದೆ. ಸ್ವಿಚ್ ಅಥವಾ ಜಾಲ ಕಾರ್ಡಿನ ವೇಗವನ್ನು ಯಾರೋ ಒಬ್ಬರು ಕೈಯಾರೆ 100, ಪೂರ್ಣ ದ್ವಿಮುಖ ಎಂದು ಕಟ್ಟಿಹಾಕಿ, ಎದುರು ತುದಿಯನ್ನು ಸ್ವಯಂಚಾಲಿತವಾಗಿ ಬಿಟ್ಟಿದ್ದರೆ, ಆ ತುದಿ ಅರ್ಧ ದ್ವಿಮುಖವೆಂದು ಭಾವಿಸಿಕೊಳ್ಳುತ್ತದೆ. ಒಂದು ತುದಿ ಮಾತನಾಡುತ್ತಲೇ ಕೇಳಿಸಿಕೊಳ್ಳುತ್ತದೆ. ಇನ್ನೊಂದು ಒಬ್ಬರು ಮುಗಿಸಿದ ಮೇಲಷ್ಟೇ ಮತ್ತೊಬ್ಬರು ಮಾತನಾಡಬೇಕೆಂದು ಕಾಯುತ್ತದೆ. ಪೀಣ್ಯದ ಮೇಲುಸೇತುವೆಯನ್ನು 2021ರ ಡಿಸೆಂಬರಿನಲ್ಲಿ ಮುಚ್ಚಿ, 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗಷ್ಟೇ ತೆರೆದಿದ್ದ ಕಾಲವನ್ನು ನೆನೆಯಿರಿ. ಕಾರಿನಲ್ಲಿ ಹೋದವರಿಗೆ ಸೇತುವೆ ಸರಾಗ, ಲಾರಿಯವರಿಗೆ ಇಲ್ಲ. ಈ ದೋಷದಲ್ಲಿಯೂ ಹಾಗೆಯೇ: ಪಿಂಗ್ ಮಾಡಿದರೆ ಉತ್ತರ ತಕ್ಷಣ ಬರುತ್ತದೆ, ಮಿಂಚಂಚೆ ಹೋಗುತ್ತದೆ, ಭಾರದ ಕಡತ ಹೊರಟೊಡನೆ ಎಲ್ಲವೂ ನಿಂತುಬಿಡುತ್ತದೆ. ಆದ್ದರಿಂದ ಪಿಂಗ್ ಸರಿಯಿದೆಯೆಂದು ಹೇಳಿ ಕೈತೊಳೆದುಕೊಳ್ಳುವ ತಂತ್ರಜ್ಞರನ್ನು ನಂಬಬೇಡಿ. ಎರಡೂ ತುದಿಯನ್ನು ಸ್ವಯಂಚಾಲಿತಕ್ಕೆ ಮರಳಿಸುವುದೇ ಇದಕ್ಕೆ ಪರಿಹಾರ, ಖರ್ಚು ಸೊನ್ನೆ.

ನಡುವೆ ಅಡಗಿ ಕುಳಿತ ಹಳೆಯ ಉಪಕರಣಗಳನ್ನೂ ಹುಡುಕಬೇಕು. ಮೇಜಿನ ಕೆಳಗೆ ಯಾರೋ ಸಿಕ್ಕಿಸಿದ ಐದು ಪೋರ್ಟಿನ ಹಳೆಯ ಸ್ವಿಚ್, ಗಣಕಯಂತ್ರದ ಸಂಪರ್ಕವನ್ನು ತನ್ನ ಮೂಲಕ ಹಾಯಿಸುವ 100 ಮೆಗಾಬಿಟ್ಟಿನ ಐಪಿ ದೂರವಾಣಿ, ಇವು ಸಾಮಾನ್ಯ ಅಪರಾಧಿಗಳು. ಹಾಗೆಯೇ ಕಾವಲು ಕ್ಯಾಮೆರಾಗಳು: ಒಂದೊಂದು 4 ಮೆಗಾಬಿಟ್ ಹರಿಸಿದರೂ 16 ಕ್ಯಾಮೆರಾಗಳಿಗೆ 64 ಮೆಗಾಬಿಟ್ ಆಯಿತು. 100ಕ್ಕೆ ಇಳಿದ ಕೊಂಡಿಯ ಮೇಲೆ ಅದು ಹಾದುಹೋಗುತ್ತಿದ್ದರೆ ಕಡತಕ್ಕೆ ಉಳಿಯುವುದೇನು? ನಿಸ್ತಂತು ಜಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದ ವೇಗವನ್ನು ಸುತ್ತಲಿನ ಎಲ್ಲರೂ ಹಂಚಿಕೊಳ್ಳಬೇಕು, ತಗಡಿನ ಶೆಡ್ಡಿನಲ್ಲಿ ಅದು ಇನ್ನೂ ಕುಗ್ಗುತ್ತದೆ. ಭಾರಿ ಕಡತದ ಕೆಲಸಕ್ಕೆ ತಂತಿಯೇ ಮೇಲು.

ಕೇಬಲ್ಲಿನ ಕಂದು ಜೋಡಿಯನ್ನು ಸರಿಪಡಿಸಿದ ಮೇಲೆ ನಮ್ಮ ಘಟಕದಲ್ಲಿ ಐಪರ್ಫ್ 940 ತೋರಿಸಿತು. ಮಾಲೀಕರಿಗೆ ಬಹಳ ಸಂತೋಷವಾಯಿತು. ಆದರೆ ಕಡತ ನಕಲಿನ ವೇಗ 110ಕ್ಕೆ ಏರಲಿಲ್ಲ. 32ರ ಬಳಿ ನಿಂತಿತು. ಒಂದು ಇಕ್ಕಟ್ಟನ್ನು ಬಿಡಿಸಿದಾಗ ಅದರ ಹಿಂದಿದ್ದ ಇನ್ನೊಂದು ಕಾಣಿಸಿಕೊಳ್ಳುವುದು ಈ ಕೆಲಸದ ಸ್ವಭಾವ. ಹೊರ ಡಿಸ್ಕನ್ನು ಯಂತ್ರದ ಮುಂಭಾಗದ ಯುಎಸ್‌ಬಿ 2.0 ಕಿಂಡಿಗೆ ಸಿಕ್ಕಿಸಲಾಗಿತ್ತು. ಅದರ ಮೇಲೆ 480 ಮೆಗಾಬಿಟ್ ಎಂದು ಹೇಳಿದರೂ ವಾಸ್ತವದಲ್ಲಿ ದಕ್ಕುವುದು 30ರಿಂದ 40 ಮೆಗಾಬೈಟ್. ಅದೇ ಯಂತ್ರದ ಹಿಂಭಾಗದಲ್ಲಿ ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿ ಖಾಲಿ ಇತ್ತು. ಅಲ್ಲಿಗೆ ಬದಲಾಯಿಸಿದಾಗ ವೇಗ ನೂರರ ಆಸುಪಾಸಿಗೆ ಬಂದಿತು.

ಲೆಕ್ಕ ಹಾಕಿದರೆ ಅಂತರ ಸ್ಪಷ್ಟವಾಗುತ್ತದೆ. 350 ಗಿಗಾಬೈಟನ್ನು ಸೆಕೆಂಡಿಗೆ 11 ಮೆಗಾಬೈಟಿನಂತೆ ಸಾಗಿಸಲು ಎಂಟು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. 32ರಂತೆ ಮೂರು ಗಂಟೆ. 100ರಂತೆ ಒಂದು ಗಂಟೆಯೊಳಗೆ.

ಹಾಗಿದ್ದರೂ ಎಂಟು ಮುಕ್ಕಾಲು ಗಂಟೆಯ ಕೆಲಸ ಹತ್ತು ಗಂಟೆಯಾದರೂ ಏಕೆ ಮುಗಿಯುತ್ತಿರಲಿಲ್ಲ? ಇದಕ್ಕೆ ಉತ್ತರ ಸಣ್ಣ ಕಡತಗಳಲ್ಲಿದೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ನೂರು ಮೂಟೆ ಅಕ್ಕಿಯನ್ನು ಒಂದೇ ಲಾರಿಗೆ ಹೇರಿ ಒಂದೇ ಚೀಟಿಯಲ್ಲಿ ಹೊರಗೆ ಕಳುಹಿಸಬಹುದು. ಅದೇ ಅಕ್ಕಿಯನ್ನು ಒಂದೊಂದು ಕಿಲೋದ ಪೊಟ್ಟಣ ಮಾಡಿ, ಪ್ರತಿ ಪೊಟ್ಟಣಕ್ಕೂ ಬೇರೆ ಬೇರೆ ತೂಕ, ಬೇರೆ ಬೇರೆ ಚೀಟಿ, ಗೇಟಿನಲ್ಲಿ ಬೇರೆ ಬೇರೆ ಮೊಹರು ಎಂದರೆ ಸಂಜೆಯಾದರೂ ಮುಗಿಯದು. ಪ್ರತಿ ಕಡತವನ್ನು ತೆರೆಯಲು, ಹಕ್ಕು ಪರಿಶೀಲಿಸಲು, ಬರೆಯಲು, ಮುಚ್ಚಲು ಎರಡು ಯಂತ್ರಗಳ ನಡುವೆ ಹಲವು ಬಾರಿ ಮಾತುಕತೆ ನಡೆಯುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ಅದರ ಮುಳ್ಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಲು ಇನ್ನಷ್ಟು ಹೊತ್ತು. ಕಡತವೊಂದಕ್ಕೆ 20 ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ 60,000 ಸಣ್ಣ ಕಡತಗಳಿಗೆ 20 ನಿಮಿಷವಾಯಿತು. ವೈರಸ್ ತಡೆ ತಂತ್ರಾಂಶ ಎರಡೂ ಕಡೆ ಪ್ರತಿ ಕಡತವನ್ನು ಬಿಚ್ಚಿ ನೋಡುತ್ತಿದ್ದು ಕಡತಕ್ಕೆ 100 ಮಿಲಿಸೆಕೆಂಡ್ ಹಿಡಿದರೆ ಒಂದು ಗಂಟೆ ನಲವತ್ತು ನಿಮಿಷ. ಇದನ್ನು ಹತ್ತುಪಟ್ಟು ವೇಗದ ಜಾಲವೂ ಕಡಿಮೆ ಮಾಡಲಾರದು.

ಇದಕ್ಕೆ ಪರಿಹಾರಗಳು ಸರಳ. ಹಳೆಯ ವರ್ಷಗಳ ಕಾಗದಪತ್ರಗಳನ್ನು ವರ್ಷಕ್ಕೊಂದರಂತೆ ಜಿಪ್ ಕಡತಗಳಾಗಿ ಮಾಡಿಡುವುದು ಒಂದು. ಬದಲಾದ ಕಡತಗಳನ್ನಷ್ಟೇ ನಕಲು ಮಾಡುವುದು ಮತ್ತೊಂದು. ವಿಂಡೋಸ್ ಜೊತೆಗೇ ಉಚಿತವಾಗಿ ಬರುವ ರೋಬೋಕಾಪಿ ಈ ಕೆಲಸವನ್ನು ಮಾಡುತ್ತದೆ ಮತ್ತು ಹಲವು ಕಡತಗಳನ್ನು ಏಕಕಾಲಕ್ಕೆ ಸಾಗಿಸುತ್ತದೆ. ಆದರೆ ವೇಗದ ಆಸೆಗೆ ವೈರಸ್ ತಡೆಯನ್ನೇ ಆರಿಸಿಡುವುದು ಸಲ್ಲದು. ಎರಡು ಕಡೆಯ ಬದಲು ಒಂದು ಕಡೆ ಪರೀಕ್ಷೆಯಾಗುವಂತೆ ಏರ್ಪಡಿಸಿಕೊಳ್ಳಬಹುದು. ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಸಣ್ಣ ಕಡತಗಳ ಕಾಟ ಬಹಳವೇ ತಗ್ಗುತ್ತದೆ. ಲೆಕ್ಕಪತ್ರದ ತಂತ್ರಾಂಶವನ್ನು ಹಂಚಿಕೊಂಡ ಕಡತಕೋಶದಿಂದ ನಾಲ್ಕಾರು ಮಂದಿ ತೆರೆಯುವ ಕಚೇರಿಗಳಲ್ಲಿ ಹಣ ಹಾಕಬೇಕಾದ ಮೊದಲ ಜಾಗ ಇದೇ ಎಂದು ನನ್ನ ಅಭಿಪ್ರಾಯ.

ಯಂತ್ರಶಾಲೆಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ಅನೇಕ ಸಿಎನ್‌ಸಿ ಯಂತ್ರಗಳ ನಿಯಂತ್ರಕಗಳಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ ಇದೆ, ಅದಕ್ಕೆ ತಯಾರಕರ ಬೆಂಬಲ ನಿಂತದ್ದು 2014ರಲ್ಲಿ. ಅದಕ್ಕೆ ತಿಳಿದಿರುವುದು ಕಡತ ಹಂಚಿಕೆಯ ಮೊದಲ ಆವೃತ್ತಿಯ ಭಾಷೆ ಮಾತ್ರ. ಆ ಭಾಷೆ ನಿಧಾನದ್ದು, ಅದಕ್ಕಿಂತ ಹೆಚ್ಚಾಗಿ ಅಪಾಯದ್ದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ನುಗ್ಗಿದ್ದು ಇದೇ ಬಾಗಿಲಿನಿಂದ. ಒಂದು ಹಳೆಯ ಯಂತ್ರಕ್ಕೆ ಅನುಕೂಲವಾಗಲೆಂದು ಸರ್ವರಿನಲ್ಲಿ ಈ ಬಾಗಿಲನ್ನು ತೆರೆದಿಡುವ ಬದಲು, ನಡುವೆ ಒಂದು ಪ್ರತ್ಯೇಕ ಗಣಕಯಂತ್ರವಿಟ್ಟು ಆ ಯಂತ್ರಗಳನ್ನು ಬೇರೆ ಜಾಲದಲ್ಲಿಡುವುದು ಕ್ಷೇಮ.

ಹೊಸದಾಗಿ ಕೇಬಲ್ ಹಾಕಿಸುವವರು ಖರೀದಿ ಆದೇಶದಲ್ಲಿಯೇ ಎರಡು ಷರತ್ತು ಬರೆಯಬೇಕು. ಎಳೆಗಳು ಸಂಪೂರ್ಣ ತಾಮ್ರದವಾಗಿರಬೇಕು. ಪ್ರತಿ ಗೋಡೆ ಬಾಕ್ಸಿಗೂ ಎರಡೂ ದಿಕ್ಕಿನ ವೇಗ ಪರೀಕ್ಷೆಯ ಫಲಿತಾಂಶವನ್ನು ಬರಹದಲ್ಲಿ ಕೊಟ್ಟ ನಂತರವೇ ಕೊನೆಯ ಕಂತಿನ ಹಣ. ದೀಪದ ಟೆಸ್ಟರಿನ ಫಲಿತಾಂಶವನ್ನು ಒಪ್ಪಿಕೊಳ್ಳಬಾರದು. ಇದಕ್ಕೆ ಒಪ್ಪದ ಗುತ್ತಿಗೆದಾರರು ಅಗ್ಗವಾಗಿದ್ದರೂ ಬೇಡ.

ಪೆಟ್ಟಿಗೆ ಘಟಕದಲ್ಲಿ ಕೊನೆಗೆ ಆದ ಖರ್ಚು ಒಂದು ಗೋಡೆ ಬಾಕ್ಸಿನ ಜ್ಯಾಕ್, ಎರಡು ಪ್ಯಾಚ್ ಕಾರ್ಡ್ ಮತ್ತು ಅರ್ಧ ದಿನದ ಕೂಲಿ. ರಾತ್ರಿ 9ಕ್ಕೆ ಆರಂಭವಾಗುವ ಪೂರ್ಣ ನಕಲು ಈಗ ಹತ್ತೂವರೆಯೊಳಗೆ ಮುಗಿಯುತ್ತದೆ, ಅದೂ ವಾರಕ್ಕೊಮ್ಮೆ. ಉಳಿದ ದಿನ ಬದಲಾದ ಕಡತಗಳಷ್ಟೇ. ಸರ್ವರಿನ ದರಪಟ್ಟಿಯನ್ನು ಹಿಂದಿರುಗಿಸಿದ ಮಾಲೀಕರು ಇನ್ನೊಂದು ಹೊರ ಡಿಸ್ಕನ್ನು ಕೊಂಡರು. ಎರಡರಲ್ಲಿ ಒಂದು ಸದಾ ಆರ್.ಟಿ. ನಗರದ ಅವರ ಮನೆಯ ಬೀರುವಿನಲ್ಲಿರುತ್ತದೆ, ಪ್ರತಿ ಸೋಮವಾರ ಗುಮಾಸ್ತರು ಅದನ್ನು ಬದಲಾಯಿಸಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ.